ಕೆಂಪಗೆ ಕಂಡ ಹೊಲ: ಕಾಲುವೆ ಕೊನೆಯ ಹುಡುಗಿಯೊಬ್ಬಳ ಜಿಐಎಸ್ ಓದು

ಮೊಬೈಲಿನಲ್ಲಿ ಉಪಗ್ರಹದ ಚಿತ್ರ ನೋಡಿದ ಅವಳ ಅಪ್ಪ ಮೊದಲು ಕೇಳಿದ್ದು ಇಷ್ಟು: "ಸರ, ಹೊಲ ಎಲ್ಲಾ ಕೆಂಪಗ ಯಾಕ ಅದರೀ? ಬೆಳಿ ಸುಟ್ಟೋಗ್ಯಾದೇನು?"

ಸುಟ್ಟಿರಲಿಲ್ಲ. ಉಲ್ಟಾ, ಚೆನ್ನಾಗಿ ಬೆಳೆದಿತ್ತು. ಹಸಿರು ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ನಿಯರ್ ಇನ್‌ಫ್ರಾರೆಡ್ ಅಂತಾರೆ. ಕಾಣದ್ದನ್ನು ತೋರಿಸಬೇಕಲ್ಲ, ಅದಕ್ಕೆ ಕೆಂಪು ಬಣ್ಣ ಕೊಡುವುದು ಈ ವಿದ್ಯೆಯ ಹಳೇ ರೂಢಿ. ಎಲ್ಲಿ ಕೆಂಪು ಗಾಢವೋ ಅಲ್ಲಿ ಬೆಳೆ ಸೊಂಪು. ನಾನು ಬಾಯಿ ತೆರೆಯುವ ಮೊದಲೇ ಮಗಳು ಇದನ್ನೆಲ್ಲ ಹೇಳಿ ಮುಗಿಸಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳಿನಿಂದ ಚಿತ್ರವನ್ನು ಆ ಕಡೆ ಈ ಕಡೆ ಸರಿಸಿ, "ಹಂಗಾರ ಸಿಂಧನೂರ ಕಡೆ ಎಲ್ಲಾ ಕೆಂಪು, ನಮ್ಮ ಕಡೆ ಬರೋದ್ರಾಗ ಬೂದಿ. ಇದು ಗೊತ್ತಾಗಾಕ ಆಕಾಶಕ್ಕ ಹೋಗಬೇಕಿತ್ತೇನು?" ಅಂದರು.

ನಾನು ರಾಯಚೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಮಕ್ಕಳಾದರೂ ಬಂದು "ಸರ, ಜಿಐಎಸ್‌ನಲ್ಲಿ ಪಿಜಿ ಮಾಡಬಹುದಾ?" ಅಂತ ಕೇಳುತ್ತಾರೆ. ಜಿಐಎಸ್ ಅಂದರೆ ನಕ್ಷೆ, ಉಪಗ್ರಹದ ಚಿತ್ರ ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಓದುವ ವಿದ್ಯೆ. ಕೇಳಿದವರಿಗೆಲ್ಲ ಈ ಹುಡುಗಿಯ ಕಥೆ ಹೇಳುತ್ತಾ ಬಂದಿದ್ದೇನೆ. ಇದರಲ್ಲಿ ನಾನು ಮಾಡಿದ ತಪ್ಪೂ ಇದೆ. ಹೇಳಿದಾಗಲೆಲ್ಲ ಅದನ್ನು ಸ್ವಲ್ಪ ಸ್ವಲ್ಪ ನುಂಗುತ್ತಿದ್ದೆ, ಈಗ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಅವಳ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಬೇಡ ಅಂದಿದ್ದು ಅವಳೇ.

ಮಾನ್ವಿ ಕಡೆಯ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೊನೇ ತುದಿಯಲ್ಲಿ ಆರು ಎಕರೆ. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಹತ್ತಿ. ಗೊತ್ತಿಲ್ಲದವರಿಗೆ ಎರಡು ಮಾತು: ಜಲಾಶಯದ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ದಾಟಿ, ಸಿಂಧನೂರು, ಮಾನ್ವಿ ಹಾದು ರಾಯಚೂರಿನ ಕಡೆ ಬರುತ್ತದೆ. ಯೋಜನೆ ಮಾಡಿದವರು ಹೆಚ್ಚಿನ ಭೂಮಿಯನ್ನು ಕಡಿಮೆ ನೀರಿನ ಬೆಳೆಗೆ ಅಂತ ಗುರುತಿಸಿದ್ದರು. ಆದರೆ ಮೇಲ್ಭಾಗದಲ್ಲಿ ಕ್ಯಾಂಪುಗಳು, ಅಂದರೆ ಆಂಧ್ರದ ಕಡೆಯಿಂದ ವಲಸೆ ಬಂದ ರೈತರ ಊರುಗಳು ಬಂದವು, ಭತ್ತ ಬಂತು, ಭತ್ತದ ಜೊತೆ ದುಡ್ಡೂ ಬಂತು. ಕೆಳಗಿನವರಿಗೆ ಉಳಿದದ್ದು "104ನೇ ಮೈಲಿನಾಗ ಗೇಜ್ ಎಷ್ಟದ?" ಅನ್ನುವ ಪ್ರಶ್ನೆ, ಅಂದರೆ ಅಲ್ಲಿ ಕಾಲುವೆಯ ನೀರಿನ ಮಟ್ಟ ಎಷ್ಟು ಅಂತ. ನಮ್ಮ ಕಡೆ ಮಳೆಗಾಲದಲ್ಲಿ ಚಹಾದ ಅಂಗಡಿಯಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಇದನ್ನು ಕೇಳುತ್ತಾರೆ.

ಹುಡುಗಿ ಬಿ.ಎ. ಓದಿದ್ದಳು. ಇತಿಹಾಸ, ಭೂಗೋಳ, ಐಚ್ಛಿಕ ಕನ್ನಡ. 2022ರಲ್ಲಿ ಮುಗಿಯಿತು. ಮುಗಿದ ವಾರವೇ ಮನೆಯಲ್ಲಿ ಎರಡು ಮಾತು ಶುರು: ಒಂದು ಮದುವೆ, ಇನ್ನೊಂದು ಬಿ.ಎಡ್. ಬೆಂಗಳೂರಿನಲ್ಲಿರುವ ಸೋದರಮಾವ ಫೋನಿನಲ್ಲೇ ಮೂರನೇ ದಾರಿ ತೋರಿಸಿದರು, ಯಾವುದಾದರೂ ಸಾಫ್ಟ್‌ವೇರ್ ಕೋರ್ಸು. ಇವಳು ಜಿಐಎಸ್ ಅಂದಾಗ ಮಾವ ಖುಷಿಪಟ್ಟರಂತೆ, ಅದೂ ಸಾಫ್ಟ್‌ವೇರೇ ಅಲ್ವಾ ಅಂತ. ಅವರ ಆ ತಪ್ಪು ತಿಳಿವಳಿಕೆಯಿಂದಲೇ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು. ನಾವು ತಿದ್ದಲಿಲ್ಲ.

ಈಗ ನಮ್ಮ ಮುಂದಿದ್ದ ದಾರಿಗಳು. ಮೊದಲು ನನಗೆ ಹೊಳೆದದ್ದು ಡೆಹ್ರಾಡೂನಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ರಿಮೋಟ್ ಸೆನ್ಸಿಂಗ್. 1966ರಲ್ಲಿ ವಿಮಾನದಿಂದ ತೆಗೆದ ಫೋಟೋ ಓದುವುದನ್ನು ಕಲಿಸಲು ಶುರುವಾದ ಸಂಸ್ಥೆ, ಈಗ ಇಸ್ರೋದ ಕೈಕೆಳಗಿದೆ. ದೊಡ್ಡ ಹೆಸರು. ಆದರೆ ಅಲ್ಲಿನ ಎಂ.ಟೆಕ್.ಗೆ ಬಿ.ಇ. ಅಥವಾ ಎಂ.ಎಸ್ಸಿ. ಆಗಿರಬೇಕು. ಐಐಟಿಗಳದ್ದೂ ಅದೇ ಕಥೆ. ಇಲ್ಲೊಂದು ಗುಂಡಿ ಇದೆ, ನಮ್ಮ ಮಕ್ಕಳು ಬೀಳುತ್ತಾರೆ. ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯನ್ನು ಈಗ ಬಿ.ಎ. ಮಾಡಿದವರೂ ಬರೆಯಬಹುದು. 2022ರಿಂದ ಅದರಲ್ಲಿ ಜಿಯೊಮ್ಯಾಟಿಕ್ಸ್, ಅಂದರೆ ಭೂಮಾಪನ ಮತ್ತು ನಕ್ಷೆಯ ವಿದ್ಯೆ ಅಂತ ಒಂದು ಪೇಪರೇ ಇದೆ. ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಉಂಟು. ಇಷ್ಟು ಓದಿ ಹುಡುಗರು ಕುಣಿದಾಡುತ್ತಾರೆ. ಆದರೆ ಪರೀಕ್ಷೆ ಬರೆಯಲು ಬಿಡುವುದು ಬೇರೆ, ಸೀಟು ಕೊಡುವುದು ಬೇರೆ. ಬರೀ ಬಿ.ಎ. ಕೈಯಲ್ಲಿಟ್ಟುಕೊಂಡು ಎಂ.ಟೆಕ್. ಬಾಗಿಲು ತಟ್ಟಿದರೆ ತೆರೆಯುವುದಿಲ್ಲ.

ಉಳಿದದ್ದು ಎರಡು. ಎಂ.ಎ. ಭೂಗೋಳ ಮಾಡಿ ಅದರಲ್ಲೇ ಜಿಐಎಸ್ ಪೇಪರ್ ತೆಗೆದುಕೊಳ್ಳುವುದು. ಇಲ್ಲವೇ ನೇರವಾಗಿ ಎಂ.ಎಸ್ಸಿ. ಜಿಯೊಇನ್ಫರ್ಮ್ಯಾಟಿಕ್ಸ್, ಅಂದರೆ ಜಿಐಎಸ್ ವಿದ್ಯೆಯದೇ ಪದವಿ. ಈ ಎರಡನೆಯದಕ್ಕೆ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ನಿಯಮ. ಕೆಲವರಿಗೆ ಬಿ.ಎಸ್ಸಿ. ಆಗಲೇಬೇಕು. ಕೆಲವರು ಬಿ.ಎ.ಯಲ್ಲಿ ಭೂಗೋಳ ಐಚ್ಛಿಕವಾಗಿ ಓದಿದ್ದರೆ ಸಾಕು ಅಂತಾರೆ. ಆ ವರ್ಷ ಇವಳು ಒಂದು ಕಡೆ ಅರ್ಜಿ ಹಾಕಿದಳು, ಬಿ.ಎಸ್ಸಿ. ಅಲ್ಲ ಅಂತ ತಳ್ಳಿಹಾಕಿದರು. ಪ್ರಾಸ್ಪೆಕ್ಟಸ್‌ನಲ್ಲಿ ಅದನ್ನು ಬರೆದಿತ್ತು. ನಾನು ಓದಿದ್ದೆ, ಆದರೆ ಕಣ್ಣು ಜಾರಿಸಿದ್ದೆ. ಮೊದಲ ತಪ್ಪು ನನ್ನದು. ಒಂದು ವರ್ಷ ಹೋಯಿತು.

ಆ ವರ್ಷ ದಂಡವಾಗಲಿಲ್ಲ ಅನ್ನುವುದು ಬೇರೆ ಮಾತು. ಅಣ್ಣನ ಗೆಳೆಯನಿಂದ ಹಳೇ ಲ್ಯಾಪ್‌ಟಾಪ್ ತಂದಳು. ಕ್ಯೂಜಿಐಎಸ್ ಹಾಕಿಕೊಂಡಳು. ಅದು ಪುಕ್ಕಟೆ ಸಾಫ್ಟ್‌ವೇರ್, 2002ರಿಂದ ಜಗತ್ತಿನ ನಾನಾ ಕಡೆಯ ಜನ ಸೇರಿ ಕಟ್ಟುತ್ತಿರುವುದು. ಡೆಹ್ರಾಡೂನಿನವರು ಆನ್‌ಲೈನಿನಲ್ಲಿ ನಡೆಸುವ ಪುಕ್ಕಟೆ ಕ್ಲಾಸುಗಳಿಗೆ ಕೂತಳು. ಎಂ.ಟೆಕ್. ಬಾಗಿಲು ಮುಚ್ಚಿದ್ದರೂ ಆ ಕಿಟಕಿ ತೆರೆದೇ ಇತ್ತು. ಇಂಗ್ಲಿಷಿನ ಪಾಠವನ್ನು ಮೂರು ಮೂರು ಸಲ ಕೇಳಿ ನೋಟ್ಸ್ ಮಾತ್ರ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು.

ಮೊದಲ ಅಭ್ಯಾಸಕ್ಕೆ ಅವಳು ಆರಿಸಿಕೊಂಡಿದ್ದು ತಮ್ಮ ಹೊಲವನ್ನೇ. ಚಿತ್ರದ ಮೇಲೆ ಬದುವಿನ ಗುಂಟ ಗೆರೆ ಎಳೆದು ವಿಸ್ತೀರ್ಣ ಕೇಳಿದರೆ ಕಂಪ್ಯೂಟರ್ 0.000002 ಅಂತ ತೋರಿಸಿತು. ಅಪ್ಪ ಪಕ್ಕದಲ್ಲೇ ಇದ್ದರು. "ಪಹಣ್ಯಾಗ ಆರು ಎಕರೆ ಅದ, ಇದು ಎಲ್ಲಿ ನುಂಗ್ತು?" ಅಂತ ಗಾಬರಿಯಾದರಂತೆ. ನುಂಗಿರಲಿಲ್ಲ. ಅವಳ ನಕ್ಷೆ ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿತ್ತು, ಹಾಗಾಗಿ ಉತ್ತರ ಚದರ ಡಿಗ್ರಿಯಲ್ಲಿ ಬಂತು. ಭೂಮಿಯ ಗುಂಡನೆಯ ಮೈಯನ್ನು ಮೊದಲು ಚಪ್ಪಟೆ ಹಾಳೆಗೆ ಇಳಿಸಿ, ಆಮೇಲೆ ಮೀಟರಿನಲ್ಲಿ ಅಳೆಯಬೇಕು. ನಮ್ಮ ಜಿಲ್ಲೆ 78 ಡಿಗ್ರಿ ರೇಖಾಂಶಕ್ಕಿಂತ ಪಶ್ಚಿಮಕ್ಕಿದೆ, ಆದ್ದರಿಂದ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ 43ನೇ ವಲಯದ ಉತ್ತರ ಭಾಗ. ಅದಕ್ಕೆ ಬದಲಿಸಿದ ಮೇಲೆ ಆರು ಎಕರೆ ವಾಪಸ್ ಬಂತು, ಒಂದೆರಡು ಗುಂಟೆ ಹೆಚ್ಚೂ ಕಡಿಮೆ. ಆ ಹೆಚ್ಚೂ ಕಡಿಮೆ ಬಗ್ಗೆ ಪಕ್ಕದ ಹೊಲದವರಿಗೆ ಹೇಳಬೇಡ ಅಂತ ಅಪ್ಪ ತಾಕೀತು ಮಾಡಿದರು.

ಅದೇ ದಿನಗಳಲ್ಲಿ ಅವಳು ಒಂದು ಲೆಕ್ಕ ಕಂಡುಕೊಂಡಳು. ನಾನು ಈಗ ಅದನ್ನೇ ತರಗತಿಯಲ್ಲಿ ಹೇಳುತ್ತೇನೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ, ಮೀಟರಿನಲ್ಲಿ ಸುಮಾರು 101 ಚದರ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ 10 ಮೀಟರಿಗೆ 10 ಮೀಟರ್, 100 ಚದರ ಮೀಟರ್. ಅಂದರೆ ಒಂದು ಪಿಕ್ಸೆಲ್ ಹೆಚ್ಚು ಕಡಿಮೆ ಒಂದು ಗುಂಟೆ! ಅಮೆರಿಕದ ಲ್ಯಾಂಡ್‌ಸ್ಯಾಟ್ ಪಿಕ್ಸೆಲ್ ಒಂಬತ್ತು ಗುಂಟೆ. ನಮ್ಮದೇ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದ್ದು ಐದೂವರೆ ಗುಂಟೆ. ರೆಸೊಲ್ಯೂಷನ್ ಅಂದರೆ ಏನು ಅಂತ ನಾನು ಹತ್ತು ವರ್ಷ ಬೋರ್ಡಿನ ಮೇಲೆ ಚೌಕ ಬರೆದು ಕಲಿಸಿದ್ದು, ಅವಳಪ್ಪನಿಗೆ ಒಂದೇ ಸಾಲಿನಲ್ಲಿ ತಿಳಿಯಿತು. "ಹಂಗಾರ ಎರಡು ಗುಂಟೆದಾಗಿನ ಟೊಮ್ಯಾಟೊ ಕಾಣಂಗಿಲ್ಲ ಬಿಡು" ಅಂದರಂತೆ. ಸರಿಯಾಗಿಯೇ ಹೇಳಿದರು.

2023ರಲ್ಲಿ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಲ್ಲಿರುವ ವಿಶೇಷ ಸೌಲಭ್ಯದ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೊಂಡಿದ್ದಳು. ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಮೀಸಲು ಅನ್ನುವುದು ಬಾಯಲ್ಲಿ ಎಲ್ಲರಿಗೂ ಗೊತ್ತು. ಸರ್ಟಿಫಿಕೇಟಿಗೆ ಓಡಾಡುವುದು ಮಾತ್ರ ಕೌನ್ಸೆಲಿಂಗ್ ಹಿಂದಿನ ದಿನ.

ಮೊದಲ ವರ್ಷದ ಕಷ್ಟವನ್ನು ಉದ್ದ ಮಾಡುವುದಿಲ್ಲ. ಮ್ಯಾಟ್ರಿಕ್ಸ್, ಸಂಖ್ಯಾಶಾಸ್ತ್ರ, ಪೈಥಾನ್. ಬಿ.ಎ. ಓದಿದವರಿಗೆ ಮೂರೂ ಗೋಡೆ. ರಾತ್ರಿ ಅತ್ತಿದ್ದಾಳೆ, ಬೆಳಿಗ್ಗೆ ಎದ್ದು ಹತ್ತನೇ ತರಗತಿಯ ಗಣಿತದ ಪುಸ್ತಕದಿಂದ ಶುರು ಮಾಡಿದ್ದಾಳೆ. ಪಾಸಾದಳು, ಅಷ್ಟೇ.

ನಿಜವಾದ ಪ್ರಕರಣ ಶುರುವಾಗುವುದು ಕೊನೇ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ.

ಅವಳು ಗೈಡ್ ಮುಂದೆ ಇಟ್ಟ ವಿಷಯ: "ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಕದಿಯುವವರನ್ನು ಉಪಗ್ರಹದಿಂದ ಗುರುತಿಸುವುದು." ಗೈಡ್ ನಕ್ಕರಂತೆ. ಉಪಗ್ರಹಕ್ಕೆ ಬೆಳೆ ಕಾಣುತ್ತದೆ, ನೀರು ಕಾಣುತ್ತದೆ, ಕಳ್ಳತನ ಕಾಣುವುದಿಲ್ಲ ಅಂದರು. ಅವಳಿಗೆ ಸಿಟ್ಟು ಬಂತು. ನನಗೆ ಫೋನ್ ಮಾಡಿ, "ಸರ, ಅವರಿಗೆ ಕೊನೆ ಭಾಗದ ಹೊಟ್ಟೆ ಉರಿ ಗೊತ್ತಿಲ್ರಿ" ಅಂದಳು. ನಾನು ಗೈಡ್ ಪರವಾಗಿಯೇ ಮಾತಾಡಿದೆ. ಒಂದು ವಾರ ಫೋನ್ ಬರಲಿಲ್ಲ.

ಆಮೇಲೆ ವಿಷಯ ಹೀಗಾಯಿತು: ಒಂದು ಉಪಕಾಲುವೆಯ ಮೇಲ್ಭಾಗ, ನಡು, ಕೊನೆ ಈ ಮೂರರಲ್ಲಿ 2023 ಮತ್ತು 2024ರ ಮುಂಗಾರಿನಲ್ಲಿ ಭತ್ತ ಎಲ್ಲೆಲ್ಲಿ ನಾಟಿಯಾಯಿತು. ವರ್ಷಗಳ ಆಯ್ಕೆ ಜಾಣತನದ್ದು. 2023 ಬರಗಾಲ. 2024ರಲ್ಲಿ ಡ್ಯಾಂ ತುಂಬಿತು, ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು, ವಾರದೊಳಗೆ ತಡೆ ಇಳಿಸಿ ನಿಲ್ಲಿಸಿದರು, ಮತ್ತೆ ಮಳೆ ಬಂದು ನೀರು ಸೇರಿತು. ಎರಡು ವರ್ಷ, ಎರಡು ಮುಖ.

ನಾಟಿ ಕಾಲ ಅಂದರೆ ಜುಲೈ, ಆಗಸ್ಟ್. ಆಗ ಆಕಾಶ ತುಂಬ ಮೋಡ. ಅಪ್ಪ ನೋಡಿದ್ದ ಕೆಂಪು ಚಿತ್ರ ಅಕ್ಟೋಬರಿನದು, ನಾಟಿ ಹೊತ್ತಿಗೆ ಅಂಥದ್ದು ಸಿಗುವುದೇ ಅಪರೂಪ. ಹಾಗಾಗಿ ಸೆಂಟಿನೆಲ್-1ರ ರಡಾರ್ ಚಿತ್ರಕ್ಕೆ ಹೋದಳು. ರಡಾರ್ ಅಲೆ ಮೋಡವನ್ನು ತೂರಿ ಬರುತ್ತದೆ. ಕೆಸರು ಗದ್ದೆಯ ನಿಂತ ನೀರು ಅದಕ್ಕೆ ಕನ್ನಡಿ ಇದ್ದ ಹಾಗೆ. ಓರೆಯಾಗಿ ಬಂದ ಅಲೆ ಆ ಕಡೆ ಚಿಮ್ಮಿ ಹೋಗುತ್ತದೆ, ಉಪಗ್ರಹಕ್ಕೆ ವಾಪಸ್ ಬರುವುದಿಲ್ಲ, ಚಿತ್ರದಲ್ಲಿ ಕಪ್ಪು. ಪೈರು ಎದ್ದು ನಿಂತಂತೆಲ್ಲ ಬೆಳ್ಳಗಾಗುತ್ತಾ ಹೋಗುತ್ತದೆ. ಮೊದಲು ಕಪ್ಪು, ಆಮೇಲೆ ಬಿಳಿ, ಅದೇ ಭತ್ತದ ಗುರುತು. ಇದಕ್ಕೂ ಒಂದು ತೊಡಕಿತ್ತು. ಸೆಂಟಿನೆಲ್-1 ಅಂದರೆ ಎರಡು ಉಪಗ್ರಹಗಳ ಜೋಡಿ, ಅದರಲ್ಲಿ ಒಂದು 2021ರ ಡಿಸೆಂಬರಿನಲ್ಲೇ ಕೆಟ್ಟಿತ್ತು. ಉಳಿದ ಒಂದರಿಂದ 12 ದಿನಕ್ಕೊಂದು ಚಿತ್ರ. ನಡುವೆ ನಾಟಿ ಮಾಡಿ ನೀರು ಬಸಿದುಬಿಟ್ಟವನ ಗದ್ದೆ ತಪ್ಪಿಹೋಗಬಹುದು.

ಕಾಲುವೆಯ ಗೆರೆಯನ್ನು ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಯಿಂದ ಎಳೆದಳು. ಅದು ಚಿತ್ರದ ಕಾಲುವೆ ಬಿಟ್ಟು ಪಕ್ಕದ ಹೊಲಗಳಲ್ಲಿ ಹರಿಯುತ್ತಿತ್ತು. ಹಳೇ ನಕ್ಷೆಗಳು ಬ್ರಿಟಿಷರ ಕಾಲದಲ್ಲಿ, 1830ರಲ್ಲಿ, ಎವರೆಸ್ಟ್ ಅನ್ನುವ ಸರ್ವೆ ಅಧಿಕಾರಿ ಹಾಕಿದ ಭೂಮಿಯ ಆಕಾರದ ಲೆಕ್ಕದ ಮೇಲೆ ನಿಂತಿವೆ, ಮೊಬೈಲಿನ ಜಿಪಿಎಸ್‌ನದು ಬೇರೆ ಲೆಕ್ಕ. ಎರಡನ್ನೂ ಹೊಂದಿಸದಿದ್ದರೆ ಕಾಲುವೆ ಜರುಗುತ್ತದೆ. ಇಂಥದ್ದನ್ನು ಸರಿಮಾಡುವುದರಲ್ಲೇ ಒಂದು ತಿಂಗಳು ಹೋಯಿತು.

2025ರ ಜನವರಿಯಲ್ಲಿ ನಕ್ಷೆ ತಯಾರಾಯಿತು. ಅಚ್ಚರಿ ಅಂದರೆ ಕೊನೆ ಭಾಗದಲ್ಲೂ ಭತ್ತ ಸಾಕಷ್ಟು ಕಂಡಿತು. ಬರಗಾಲದ 2023ರಲ್ಲೂ. ಅವಳಿಗೆ ನಂಬಿಕೆ ಬರಲಿಲ್ಲ. ಅಪ್ಪನಿಗಂತೂ ಕೋಪವೇ ಬಂತು. "ಯವ್ವಾ, ನೀನ ನಮ್ಮ ಕಡೆ ನೀರು ಬಂದದ ಅಂತ ಬರದ್ರ, ನಾಳೆ ಆಫೀಸಿನವರು ಇದನ್ನ ತೋರಿಸ್ತಾರ."

ಹೋಗಿ ನೋಡಬೇಕಾಯಿತು. ದೊಡ್ಡಪ್ಪನ ಮಗನ ಬೈಕಿನಲ್ಲಿ ಹಿಂದೆ ಕೂತು, ಮೊಬೈಲಿನಲ್ಲಿ ಜಿಪಿಎಸ್ ಹಿಡಿದು 120 ಜಾಗ ತಿರುಗಿದಳು. ಒಂದೊಂದು ಹೊಲದಲ್ಲೂ ನಿಂತು ಹೋದ ಮುಂಗಾರಿನಲ್ಲಿ ಏನಿತ್ತು ಅಂತ ಕೇಳುವುದು, ಭತ್ತದ ಕೂಳೆ ಇದೆಯಾ ನೋಡುವುದು. 60 ಜಾಗವನ್ನು ಕಂಪ್ಯೂಟರಿಗೆ ಕಲಿಸಲು, 60ನ್ನು ಪರೀಕ್ಷೆಗೆ ಅಂತ ಇಟ್ಟಳು. 60ರಲ್ಲಿ 43 ಮಾತ್ರ ಸರಿಯಾಗಿದ್ದವು.

ತಪ್ಪಿದ 17ರ ಮೇಲೆ ಅವಳು ಕೂತಳು. ನನ್ನ ಪ್ರಕಾರ ಅವಳ ಇಡೀ ಓದು ಆ 17 ಜಾಗದಲ್ಲಿತ್ತು. ಮೂರು ಕೃಷಿ ಹೊಂಡ, ಸುಮ್ನೆ ಬಿಡಬಹುದು. ಹೆಚ್ಚಿನವು ಸವುಳು ಜವುಳು ಬಿದ್ದ ನೆಲ. ವರ್ಷಗಟ್ಟಲೆ ಭತ್ತಕ್ಕೆ ನೀರು ನಿಲ್ಲಿಸಿ, ಬಸಿಗಾಲುವೆ ಇಲ್ಲದೆ, ಉಪ್ಪು ಮೇಲೆ ಬಂದು ಕೆಟ್ಟ ಹೊಲಗಳು. ಈ ಸಮಸ್ಯೆ ತುಂಗಭದ್ರಾ ಅಚ್ಚುಕಟ್ಟಿಗೆ ಹಳೆಯದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ. ಅಂಥ ನೆಲದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಆಮೇಲೆ ಜೊಂಡು ಏಳುತ್ತದೆ. ರಡಾರಿಗೆ ಮೊದಲು ಕಪ್ಪು, ಆಮೇಲೆ ಬಿಳಿ. ಪಕ್ಕಾ ಭತ್ತ! ಕಾಳು ಬೆಳೆಯದ ಹೊಲವನ್ನು ಕಂಪ್ಯೂಟರ್ ಭತ್ತದ ಗದ್ದೆ ಅಂದಿತ್ತು.

ಇನ್ನೊಂದು ಸಂಗತಿ ಅವಳನ್ನು ಜಾಸ್ತಿ ಕಾಡಿತು. ಕೊನೆ ಭಾಗದಲ್ಲಿ ನಿಜವಾಗಿ ಭತ್ತವೇ ಇದ್ದ ಹೊಲಗಳಲ್ಲಿ ಕೆಲವು ಕಾಲುವೆ ನೀರಿನವಲ್ಲ, ಹಳ್ಳಕ್ಕೆ ಮೋಟರ್ ಇಟ್ಟವು. ಬೇಸಿಗೆಯಲ್ಲೂ ಆ ಹಳ್ಳದಲ್ಲಿ ನೀರು ಹೇಗೆ? ಮೇಲಿನವರ ಗದ್ದೆಯಿಂದ ಬಸಿದು ಬಂದ ನೀರು. ಅಂದರೆ ಅಪ್ಪ ಮೂವತ್ತು ವರ್ಷ ಬೈದ ಮೇಲ್ಭಾಗದ ಭತ್ತವೇ, ಕೆಳಗೆ ಹಳ್ಳದ ದಂಡೆಯ ನಾಲ್ಕು ಮನೆಗೆ ಅನ್ನ ಕೊಡುತ್ತಿತ್ತು. ಕಾಲುವೆ ನೀರಿನ ಹಕ್ಕು ತಪ್ಪಿದ್ದು ಸುಳ್ಳಲ್ಲ. ಆದರೆ "ಮೇಲೆ ಕದ್ದರು, ಕೆಳಗೆ ಒಣಗಿತು" ಅನ್ನುವ ಒಂದೇ ಸಾಲಿನಲ್ಲಿ ನಕ್ಷೆ ಕೂರಲಿಲ್ಲ. ಈ ಮಾತನ್ನು ಅಪ್ಪನಿಗೆ ಹೇಳಲು ಅವಳು ಹದಿನೈದು ದಿನ ತೆಗೆದುಕೊಂಡಳು. ನನಗೆ ಹೇಳಿದ್ದು ಅದೇ ರಾತ್ರಿ.

ಸವುಳು ನೆಲವನ್ನು ಬೇರೆ ವರ್ಗ ಮಾಡಿ ಮತ್ತೆ ಓಡಿಸಿದಾಗ 60ರಲ್ಲಿ 52 ಸರಿ ಬಂದವು. ಶೇ. 87. ಸಂಭ್ರಮದಿಂದ ಕಳಿಸಿದಳು. ಗೈಡ್ ಒಪ್ಪಲಿಲ್ಲ. ತಪ್ಪು ಯಾವುದು ಅಂತ ನೋಡಿ ತಿದ್ದಿ, ಅದೇ 60ರ ಮೇಲೆ ಮತ್ತೆ ಪರೀಕ್ಷೆ ಮಾಡಿದರೆ ಅದು ಪ್ರಶ್ನೆಪತ್ರಿಕೆ ನೋಡಿಕೊಂಡು ಬರೆದ ಹಾಗೆ ಅಂದರು. ಮತ್ತೆ ಬೈಕು, ಮತ್ತೆ ಬಿಸಿಲು. ಮಾರ್ಚಿನ ರಾಯಚೂರು ಬಿಸಿಲು ಗೊತ್ತಲ್ವಾ? ಹೊಸ 40 ಜಾಗ. 33 ಸರಿ. ಶೇ. 82.5. ಪ್ರಬಂಧದಲ್ಲಿ ಬರೆದದ್ದು ಇದನ್ನೇ. ಶೇ. 95 ಬಂತು ಅಂತ ಬರೆಯುವ ಪ್ರಬಂಧಗಳನ್ನು ಕಂಡರೆ ನನಗೆ ಈಗ ಮೊದಲು ಬರುವುದು ಅನುಮಾನ.

ತಿರುಗಾಟದಲ್ಲಿ ಒಂದು ಊರಿನಲ್ಲಿ ವಯಸ್ಸಾದ ರೈತರೊಬ್ಬರು ಅವಳ ಮೊಬೈಲಿಗೆ ಕೈ ಅಡ್ಡ ಹಿಡಿದರಂತೆ. "ತಂಗಿ, ನೀ ಒಳ್ಳೇಕಿ ಇದ್ದೀ. ಆದ್ರ ನನ್ನ ಸರ್ವೆ ನಂಬರ್ ಬರಕೋಬ್ಯಾಡವ್ವಾ. ನಾ ಹಾಕಿದ್ದು ಭತ್ತ, ಕಾಗದದಾಗ ಇರೋದು ಬ್ಯಾರೆ." ಅವರು ಮೇಲ್ಭಾಗದವರು, ಅವಳ ಅಪ್ಪ ಬೈಯುತ್ತಿದ್ದ ಜನ. ಅವಳು ಬರೆದುಕೊಂಡಿದ್ದನ್ನು ಅಳಿಸಿದಳು. ಕೊನೆಗೆ ಹೊಲಹೊಲದ ನಕ್ಷೆಯನ್ನೇ ಬಿಟ್ಟು, ತೂಬಿನ ಕೆಳಗಿನ ಎಲ್ಲ ಹೊಲವನ್ನೂ ಸೇರಿಸಿ ಒಂದೊಂದು ಬಣ್ಣ ಕೊಟ್ಟಳು. ಈ ವಿಷಯದಲ್ಲಿ ನಾನೂ ಗೈಡ್ ಕೂಡ ಏನೂ ಹೇಳಿರಲಿಲ್ಲ. ಅವಳೇ ನಿರ್ಧಾರ ಮಾಡಿದ್ದು.

ಈಗ ನನ್ನ ಎರಡನೇ ತಪ್ಪು. 2025ರಲ್ಲಿ ಎಂ.ಎಸ್ಸಿ. ಮುಗಿಯಿತು. ಒಂದು ಸಂಶೋಧನಾ ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿ ಕೆಲಸ ಸಿಕ್ಕಿತು, ಒಂದು ವರ್ಷದ ಕರಾರು. ಅವಳಿಗೆ ಮುಂದೆ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಆಸೆ. ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕುವ ಹೊತ್ತಿಗೆ ಗೊತ್ತಾದದ್ದು: ಭೂಗೋಳದ ಹುದ್ದೆಗೆ ಜಿಯೊಇನ್ಫರ್ಮ್ಯಾಟಿಕ್ಸ್ ಪದವಿಯನ್ನು ಸಮಾನ ಅಂತ ಎಲ್ಲರೂ ಒಪ್ಪುವುದಿಲ್ಲ. ಅಧಿಸೂಚನೆಯಲ್ಲಿ ಏನಿದೆ, ಸಮಾನತೆಯ ಪತ್ರ ಯಾರು ಕೊಡುತ್ತಾರೆ ಅನ್ನುವುದೆಲ್ಲ ಸೇರುವ ಮೊದಲು ನೋಡಬೇಕಾದ ವಿಷಯ. ಮೂರು ವರ್ಷ ಅವಳ ಜೊತೆ ಸಾಫ್ಟ್‌ವೇರ್, ಸೀಟು, ಸರ್ಟಿಫಿಕೇಟ್ ಎಲ್ಲ ಮಾತಾಡಿದವನು ನಾನು, ಪಾಠ ಮಾಡುವ ಆಸೆ ಅವಳಿಗಿದೆ ಅಂತ ಕೇಳಿಯೇ ಇರಲಿಲ್ಲ. ಹೊರಗಿನಿಂದ ಎಂ.ಎ. ಭೂಗೋಳಕ್ಕೂ ಅರ್ಜಿ ತುಂಬಿದ್ದಾಳೆ. ಪಿಎಚ್‌.ಡಿ. ಬಗ್ಗೆ ಮಾತಾಡುತ್ತಾಳೆ, ಸವುಳು ನೆಲದ ಮೇಲೆ. ಮಾವನಿಗೆ ಇನ್ನೂ ಇದು ಸಾಫ್ಟ್‌ವೇರ್ ನೌಕರಿಯೇ.

ಪ್ರಬಂಧ ಬೈಂಡ್ ಆಗಿ ಬಂದ ವಾರ ನಾನು ಅವರ ಮನೆಗೆ ಹೋಗಿದ್ದೆ. ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಊಟ ಆದಮೇಲೆ ಅಪ್ಪ ಕೈ ಒರೆಸಿಕೊಂಡು, ಮಡಚಿಟ್ಟ ದೊಡ್ಡ ನಕ್ಷೆಯನ್ನು ಕಟ್ಟೆಯ ಮೇಲೆ ಬಿಡಿಸಿದರು. ಕನ್ನಡಕ ಹಾಕಿಕೊಂಡು ಕಾಲುವೆಯ ಗೆರೆಯ ಮೇಲೆ ಬೆರಳಿಟ್ಟು ನಿಧಾನ ಕೆಳಗೆ ಬಂದರು. ಕೊನೇ ತೂಬಿನ ಹತ್ತಿರ ಬೆರಳು ನಿಂತಿತು. ಅಲ್ಲಿ ಒಂದೇ ತಿಳಿ ಬಣ್ಣ, ಬದುಗಳಿಲ್ಲ.

"ನಮ್ಮ ಹೊಲ ಎಲ್ಲದ ಯವ್ವಾ ಇದ್ರಾಗ?"

"ತಗದೀನಿ ಅಪ್ಪ. ಎಲ್ಲಾರದೂ ತಗದೀನಿ."

ಅವರು ಇನ್ನೂ ಸ್ವಲ್ಪ ಹೊತ್ತು ಆ ಬಣ್ಣದೊಳಗೆ ಹುಡುಕುತ್ತಲೇ ಇದ್ದರು.